ಮುಖ ಬಿಟ್ಟು ಬರೆದ ಚಿತ್ರ

ಕಳೆದ ತಿಂಗಳು ಕೃಷ್ಣರಾಜಪುರದ ಮಾರುಕಟ್ಟೆ ಹತ್ತಿರ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಸಿರು ರುಮಾಲಿನ ಫಕೀರನೊಬ್ಬ ಅಂಗಡಿಯಿಂದ ಅಂಗಡಿಗೆ ಲೋಬಾನದ ಹೊಗೆ ಹಾಕಿಕೊಂಡು ಬಂದ. ಗಲ್ಲಾಪೆಟ್ಟಿಗೆಗೆ ಒಂದು ಸುತ್ತು, ತಕ್ಕಡಿಗೆ ಒಂದು ಸುತ್ತು. ನಾನು ಗಲ್ಲಾಪೆಟ್ಟಿಗೆಯೂ ಅಲ್ಲ, ತಕ್ಕಡಿಯೂ ಅಲ್ಲ. ಆದರೂ ನನ್ನ ಮುಖದಲ್ಲಿ ಏನು ಕಂಡಿತೋ, ನನಗೂ ಒಂದು ಸುತ್ತು ಹಾಕಿ ಮುಂದೆ ಹೋದ. ಕಣ್ಣು ಉರಿಯಿತು. ಅಭ್ಯಾಸಬಲದಿಂದ ಮೊದಲು ಶ್ವಾಸಕೋಶದ ಚಿಂತೆಯಾಯಿತು. ಹೊಗೆ ತಿಳಿಯಾಗುತ್ತ ಬಂದಂತೆ ಇದೇ ವಾಸನೆಯಿದ್ದ ಶಿವಾಜಿನಗರದ ಒಂದು ಮಹಡಿಯ ಕೋಣೆ ಕಣ್ಣ ಮುಂದೆ ಬಂತು. ಆ ಕೋಣೆಯಲ್ಲಿ ನಾನೊಂದು ಇಡೀ ಮಳೆಗಾಲ ಕಳೆದಿದ್ದೆ. ಬಸ್ಸು ಬಂದದ್ದು, ಹೋದದ್ದು ಎರಡೂ ತಿಳಿಯಲಿಲ್ಲ.

ನಾನು ವಿಮಾ ಕಚೇರಿಯಲ್ಲಿ ಕ್ಲೇಮು ವಿಭಾಗದವನು. ಬೆಂಕಿ, ಪ್ರವಾಹ, ಕಳ್ಳತನ ಎಲ್ಲವೂ ಇಂದಲ್ಲ ನಾಳೆ ಆಗಿಯೇ ಆಗುತ್ತವೆ ಎಂದು ನಂಬುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಕಷ್ಟವೆಂದರೆ ಆ ನಂಬಿಕೆಯನ್ನು ಸಂಜೆ ಕಚೇರಿಯಲ್ಲೇ ಬಿಟ್ಟುಬರುವುದು ನನ್ನಿಂದ ಆಗುತ್ತಿರಲಿಲ್ಲ. ಇಂದಿರಾನಗರದ ಅಂಚಿನ ನಮ್ಮ ಸ್ಟಾಫ್ ಕಾಲೋನಿಯಲ್ಲಿ ಗ್ಯಾಸ್ ಆರಿಸಿದೆಯೇ ಎಂದು ಎದ್ದೆದ್ದು ನೋಡುವ ಗಂಡಸು ನಾನೊಬ್ಬನೇ. ಐವತ್ತು ದಾಟಿದ ವರ್ಷ ರಕ್ತದೊತ್ತಡ ನೋಡಿದ ಡಾಕ್ಟರು ಮನಸ್ಸಿಗೆ ಬೇರೆ ಕೆಲಸ ಕೊಡಿ ಎಂದರು. ನನ್ನ ಹೆಂಡತಿ ಸುಧಾ ಅದನ್ನೇ ನೇರವಾಗಿ ಹೇಳಿದಳು. "ಬೇರೆ ಯಾರದ್ದಾದ್ರೂ ಚಿಂತೆ ಹಚ್ಕೊಳ್ಳಿ. ನಮ್ಮದು ಸಾಕು."

ಹಾಗೆ ನಾನು ಬರೆಯುವ ಕೆಲಸ ಕೇಳಿಕೊಂಡು ಹಲಸೂರಿನ ವರದರಾಜು ಬಳಿ ಹೋದದ್ದು. ಕೆರೆಯ ಹಿಂದಿನ ಬೀದಿಯಲ್ಲಿ ಅವನ ಪುಟ್ಟ ಪ್ರಕಾಶನ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ, ಅಚ್ಚಿನವರನ್ನು ಬೈಯುವಾಗ ಎರಡೂ. ಶಾಲೆಗಳ ಲೈಬ್ರರಿಗೆಂದು ಜಗತ್ತಿನ ಪುರಾತನ ಜನರ ಬಗ್ಗೆ ಚಿತ್ರಗಳಿರುವ ಸಣ್ಣ ಪುಸ್ತಕಗಳನ್ನು ತರುತ್ತಿದ್ದ. ನಾನು ಹೋಗುವಷ್ಟರಲ್ಲಿ ಈಜಿಪ್ಟು, ಗ್ರೀಸು, ರೋಮು ಎಲ್ಲ ಹಂಚಿಹೋಗಿದ್ದವು. "ರೋಮ್‌ಗಿಂತ ಮುಂಚೆ ಅಲ್ಲಿ ಯಾರೋ ಇದ್ರಂತೆ ಸಾರ್. ಅವರು ಖಾಲಿ ಇದಾರೆ, ತಗೊಳ್ತೀರಾ?" ಎಂದು ಕೇಳಿದ. ಬಸ್ಸಿನಲ್ಲಿ ಕೊನೆಯ ಸೀಟು ಸಿಕ್ಕವನಂತೆ ತೆಗೆದುಕೊಂಡೆ.

ಅವರ ಹೆಸರು ಎಟ್ರುಸ್ಕನ್ನರು. ಇಟಲಿಯ ನಡುಭಾಗದಲ್ಲಿ, ರೋಮು ಒಂದು ಸಾಮ್ರಾಜ್ಯವಾಗುವುದಕ್ಕೆ ಬಹಳ ಮೊದಲು, ಊರು ಕಟ್ಟಿ, ಕಬ್ಬಿಣ ಕರಗಿಸಿ, ಹಡಗು ಬಿಟ್ಟು ಬದುಕಿದ ಜನ. ರೋಮಿಗೆ ಕೆಲವು ರಾಜರೂ ಅವರಿಂದಲೇ ಬಂದರಂತೆ. ಕೊನೆಗೆ ಅದೇ ರೋಮು ಅವರನ್ನು ನುಂಗಿ ನೀರು ಕುಡಿಯಿತು. ಮಣ್ಣು ಮರದ ಅವರ ಮನೆಗಳು ಉಳಿಯಲಿಲ್ಲ. ಬಂಡೆ ಕೊರೆದು ಮಾಡಿದ ಗೋರಿಗಳು ಉಳಿದವು. ಆ ಗೋರಿಗಳೋ ಥೇಟ್ ಮನೆಗಳೇ. ಕಲ್ಲಿನ ಮಂಚ, ಕಲ್ಲಿನ ದಿಂಬು. ಒಂದು ಗೋರಿಯ ಗೋಡೆಯಲ್ಲಂತೂ ಸೌಟು, ಚಾಕು, ಹಗ್ಗ ಎಲ್ಲವನ್ನೂ ಮೊಳೆಗೆ ನೇತುಹಾಕಿದ ಹಾಗೆ ಕೆತ್ತಿದ್ದಾರೆ. ಸತ್ತಮೇಲೂ ಸೌಟು ಬೇಕಾದೀತು ಎಂದು ಯೋಚಿಸಿದ ಜನ! ಓದುತ್ತ ಓದುತ್ತ ನಮ್ಮ ವಿಭಾಗದವರನ್ನೇ ಕಂಡಂತಾಯಿತು.

ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಅವರ ಬರಹವನ್ನು ಇವತ್ತೂ ಗಟ್ಟಿಯಾಗಿ ಓದಬಹುದು. ಅಕ್ಷರ ಗೊತ್ತು, ಉಚ್ಚಾರ ಗೊತ್ತು. ಹೆಸರುಗಳು, ಅಲ್ಲೊಂದು ಇಲ್ಲೊಂದು ಪದ ತಿಳಿಯುತ್ತವೆ. ಮಿಕ್ಕದ್ದು ಬರೀ ಸದ್ದು. ಭಾಷೆ ಕಿವಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ.

ಚಿತ್ರ ಬರೆಯಲು ವರದರಾಜು ಗೊತ್ತುಮಾಡಿದ್ದು ಇನಾಯತ್ ಮೇಷ್ಟ್ರನ್ನು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಮನೆ ಶಿವಾಜಿನಗರದಲ್ಲಿ, ಒಂದು ಹಾಸಿಗೆ ಅಂಗಡಿಯ ಮೇಲೆ. ಕೆಳಗೆ ದಿನವಿಡೀ ಹತ್ತಿ ಬಿಡಿಸುತ್ತಿದ್ದುದರಿಂದ ಮೆಟ್ಟಿಲ ಮೇಲೆ ಸದಾ ಹತ್ತಿಯ ಎಳೆ ಹಾರುತ್ತಿತ್ತು. ಮಳೆಯ ದಿನ ಹಾಳೆಗಳನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡು, ಮೆಟ್ರೋದವರು ಅಗೆದ ರಸ್ತೆಯ ಗುಂಡಿಗಳನ್ನು ಲೆಕ್ಕ ಹಾಕುತ್ತ, ಶನಿವಾರ ಶನಿವಾರ ನಾನು ಆ ಮೆಟ್ಟಿಲು ಹತ್ತುತ್ತಿದ್ದೆ. ನನ್ನ ಗಡ್ಡದಲ್ಲಿ ಹತ್ತಿ ಅಂಟಿರುತ್ತಿತ್ತು. ಮೇಷ್ಟ್ರು ಮೊದಲ ಸಲವೇ, "ಬನ್ನಿ ಶ್ರೀಧರ್ ಸಾಬ್, ನಮ್ಮ ಮನೆಗೆ ಬಂದೋರಿಗೆಲ್ಲ ವಯಸ್ಸಾಗ್ತದೆ" ಎಂದು ತಾವೇ ಒರೆಸಿದರು.

ಕಿಟಕಿಯ ಪಕ್ಕದ ಮಂಚದಲ್ಲಿ ಅವರ ಹೆಂಡತಿ ಖುರ್ಷಿದ್ ಬೀ ಕೂತಿರುತ್ತಿದ್ದರು. ಆ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆದಿತ್ತು. ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿರುತ್ತಿತ್ತು. ಮಾತು ನಿಂತಿರಲಿಲ್ಲ, ಅದೇ ವಿಚಿತ್ರ. ನಿರರ್ಗಳವಾಗಿ ಮಾತಾಡುತ್ತಿದ್ದರು. ಮಾತಿನ ಏರಿಳಿತ ಸರಿಯಾಗಿತ್ತು, ಪ್ರಶ್ನೆಯ ಕೊನೆಗೆ ಪ್ರಶ್ನೆಯ ಎಳೆತ, ತಮಾಷೆಯ ಕೊನೆಗೆ ನಗು. ಪದಗಳು ಮಾತ್ರ ಅವರ ಮನೆಮಾತಾದ ದಖನಿ ಉರ್ದುವೂ ಅಲ್ಲ, ಕನ್ನಡವೂ ಅಲ್ಲ, ಲೋಕದ ಯಾವ ಭಾಷೆಯೂ ಅಲ್ಲ. ಹೌದು ಇಲ್ಲಗಳೂ ಅದಲುಬದಲಾಗಿದ್ದವು. ಚಹಾ ಬೇಕಾ ಎಂದರೆ ಬೇಡವೆಂದು ತಲೆಯಾಡಿಸಿ ಎಡಗೈಯನ್ನು ಲೋಟಕ್ಕೆ ಚಾಚುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ತಲೆಯನ್ನು ನಂಬುತ್ತಿರಲಿಲ್ಲ, ಕೈಯನ್ನು ನಂಬುತ್ತಿದ್ದರು. ಮೇಷ್ಟ್ರು ಬೆಳಗ್ಗೆ ಅವರಿಗೆ ಜಡೆ ಹಾಕುವರು. ಸರಿ ಬಾರದಿದ್ದರೆ ಬೀ ಅದೇ ಎಡಗೈಯಲ್ಲಿ ಬಿಚ್ಚಿ ಮತ್ತೆ ಬೆನ್ನು ತಿರುಗಿಸಿ ಕೂರುವರು. ನಾನು ಮೊದಲ ಸಲ ಹೋದಾಗ ಆ ಜಡೆ ಬಾವಿಯ ಹಗ್ಗದ ಹಾಗಿತ್ತು. ಆಷಾಢ ಮುಗಿಯುವಷ್ಟರಲ್ಲಿ ಮೇಷ್ಟ್ರ ಕೈ ಪಳಗಿತ್ತು.

ಕೆಲಸ ಚೆನ್ನಾಗಿ ಸಾಗಿತು. ನಾನು ಬರೆದದ್ದನ್ನು ಓದುವುದು, ಅವರು ಪೆನ್ಸಿಲ್ಲಿನಲ್ಲಿ ಗೀಚುವುದು. ಹಡಗು, ಗೋರಿ, ಮಣ್ಣಿನ ಹೂಜಿ. ತೊಡಕಾದದ್ದು ಈಲಿಯ ವಿಷಯದಲ್ಲಿ. ಎಟ್ರುಸ್ಕನ್ ಪುರೋಹಿತರು ಕುರಿಯ ಈಲಿ, ಎಂದರೆ ಪಿತ್ತಜನಕಾಂಗ, ನೋಡಿ ಭವಿಷ್ಯ ಹೇಳುತ್ತಿದ್ದರು. ಕಲಿಯುವವರಿಗೆಂದು ಕಂಚಿನಲ್ಲಿ ಒಂದು ಈಲಿಯನ್ನೇ ಎರಕ ಹೊಯ್ದು, ಅದರ ಮೇಲೆ ದೇವತೆಗಳ ಹೆಸರು ಕೊರೆದಿದ್ದರು. ಪುಸ್ತಕದ ಫೋಟೋ ಮಸುಕಾಗಿತ್ತು. ಹುಟ್ಟಾ ಸಸ್ಯಾಹಾರಿಯಾದ ನಾನು ಅದನ್ನು ನೋಡಿ ಯಾವುದೋ ಚಪ್ಪಲಿ ಎಂದುಕೊಂಡಿದ್ದೆ. ಹಾಗೆಯೇ ವಿವರಿಸಿಯೂ ಬರೆದಿದ್ದೆ. ಮೇಷ್ಟ್ರು ಓದಿ ಕನ್ನಡಕ ತೆಗೆದಿಟ್ಟರು, ಛತ್ರಿ ತೆಗೆದುಕೊಂಡರು, ನನ್ನನ್ನು ಮಾರುಕಟ್ಟೆಯ ಮಾಂಸದ ಸಾಲಿಗೆ ಕರೆದುಕೊಂಡು ಹೋದರು. ಅಲ್ಲಿಯ ಕಟುಕ ಅವರ ಹಳೆಯ ಶಿಷ್ಯ. ಒಂದು ಈಲಿಯನ್ನು ಬಾಳೆಲೆಯ ಮೇಲಿಟ್ಟು ತಿರುಗಿಸಿ ತಿರುಗಿಸಿ ತೋರಿಸಿದ. ಮೇಷ್ಟ್ರು ಬರೆದುಕೊಳ್ಳುವಷ್ಟು ಹೊತ್ತೂ ನಾನು ಚಾವಣಿ ನೋಡಿದೆ. ಚಾವಣಿ ಸೋರುತ್ತಿತ್ತು. ಅದು ಯಾವಾಗ ಕುಸಿಯಬಹುದೆಂದು ಅಂದಾಜು ಮಾಡುತ್ತಿರುವಾಗ ಅವನು ವಿನಯದಿಂದ, "ಸಾರ್‌ಗೆ ಎಷ್ಟು ಕಟ್ಲಿ?" ಎಂದ. ಮೇಷ್ಟ್ರು, ಸಾಬ್ ಭವಿಷ್ಯ ನೋಡೋಕೆ ಮಾತ್ರ ಬಂದಿರೋದು ಎಂದರು. ದಾರಿಯುದ್ದಕ್ಕೂ ಅವರ ಭುಜ ನಗುವಿನಿಂದ ಕುಲುಕುತ್ತಲೇ ಇತ್ತು.

ಪುಸ್ತಕದ ನಡುವಿನ ದೊಡ್ಡ ಚಿತ್ರವನ್ನು ಇಬ್ಬರೂ ಕೊನೆಗೆ ಉಳಿಸಿಕೊಂಡಿದ್ದೆವು. ಸತ್ತವರ ಬೂದಿ ಇಡುವುದಕ್ಕೆ ಎಟ್ರುಸ್ಕನ್ನರು ಮಾಡಿದ ಸುಟ್ಟ ಮಣ್ಣಿನ ಪೆಟ್ಟಿಗೆಯೊಂದಿದೆ. ಅದರ ಮುಚ್ಚಳದ ಮೇಲೆ ಗಂಡ ಹೆಂಡತಿ ಒಂದೇ ಮಂಚದಲ್ಲಿ ಮೊಳಕೈ ಊರಿ ಒರಗಿದ್ದಾರೆ. ಅವಳು ಮುಂದೆ, ಅವನು ಹಿಂದೆ, ಅವನ ತೋಳು ಅವಳ ಹೆಗಲ ಮೇಲೆ. ಇಬ್ಬರೂ ಮುಗುಳುನಗುತ್ತಿದ್ದಾರೆ. ಅವಳ ಉದ್ದನೆಯ ಜಡೆಗಳು ಎದೆಗಿಳಿದಿವೆ. ಆ ಜನರಲ್ಲಿ ಹೆಂಗಸರು ಗಂಡಂದಿರ ಜೊತೆ ಸಮಸಮವಾಗಿ ಕೂತು ಔತಣ ಉಣ್ಣುತ್ತಿದ್ದರು, ಗ್ರೀಕರು ಅದನ್ನು ನೋಡಿ ಮೂಗು ಮುರಿಯುತ್ತಿದ್ದರು ಎಂದು ನಾನು ಹೇಳಿದೆ. ಮೇಷ್ಟ್ರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮಂಚದ ಕಡೆ ನೋಡಿದರು. ಈ ಹೆಂಗಸಿನ ಮುಖಕ್ಕೆ ಬೀಯ ಮುಖವನ್ನೇ ಬರೆಯಬೇಕು ಎಂದರು.

ಬರೆಯಿರಿ, ಅದಕ್ಕೇನು ಎಂದೆ. ಆಗ ಅವರು ಹೇಳಿದ ಸಂಗತಿಯೇ ಆ ಮಳೆಗಾಲದ ಉಳಿದ ದಿನಗಳನ್ನೆಲ್ಲ ತುಂಬಿಕೊಂಡಿತು.

ಮದುವೆಯಾದ ಹೊಸದರಲ್ಲಿ ಅವರು ಹೆಂಡತಿಯ ಚಿತ್ರ ಬರೆಯಲು ಕೂತಿದ್ದರಂತೆ. ಬೀ ಕೈ ಹಿಡಿದು ನಿಲ್ಲಿಸಿದ್ದರು. ಮುಖವಿರುವ ಚಿತ್ರದ ಎದುರು ನಮಾಜು ಆಗದು ಎಂಬುದು ಆಕೆ ಬೆಳೆದ ಮನೆಯ ಕ್ರಮ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಜೀವ ಇರುವವರ ರೂಪ ಬರೆದವನನ್ನು ಕಡೆಯ ದಿನ ನಿಲ್ಲಿಸಿ, ಬರೆದೆಯಲ್ಲ, ಈಗ ಇದಕ್ಕೆ ಉಸಿರು ತುಂಬು ಎಂದು ಕೇಳುತ್ತಾರೆ ಎಂದು ಆಕೆಯ ತಾಯಿ ಹೇಳಿಕೊಟ್ಟಿದ್ದರು. ಶಾಲೆಯಲ್ಲಿ ಬೇಕಾದವರ ಮುಖ ಬರೆಯಿರಿ, ಅದು ನೌಕರಿ, ಮಾಫಿ ಸಿಕ್ಕೀತು. ನನ್ನದು ಬರೆದರೆ ಮಾಫಿ ಸಿಗಲಿಕ್ಕಿಲ್ಲ, ಅದು ನೀವು ಇಷ್ಟಪಟ್ಟು ಬರೆದದ್ದಾಗುತ್ತದೆ. ಅಲ್ಲಿ ನೀವೊಬ್ಬರೇ ನಿಂತು ಉಸಿರು ತುಂಬಲಾಗದೆ ಒದ್ದಾಡುವುದು ನನಗೆ ಬೇಡ. ಹೀಗೆ ಹೇಳಿದ್ದರಂತೆ ಖುರ್ಷಿದ್ ಬೀ. ಎಷ್ಟೋ ಮುಖ ಬರೆದ ಮೇಷ್ಟ್ರು ಅಂದಿನಿಂದ ಆ ಒಂದು ಮುಖ ಬಿಟ್ಟಿದ್ದರು. ಬೇರೆ ಬೇರೆ ಮೇಷ್ಟ್ರುಗಳು ಹೆಂಡತಿಯ ಚಿತ್ರ ಬರೆದು ನಡುಮನೆಯಲ್ಲಿ ತೂಗುಹಾಕಿದಾಗ ಹೊಟ್ಟೆಕಿಚ್ಚು ಪಟ್ಟದ್ದನ್ನೂ ಮುಚ್ಚಿಡಲಿಲ್ಲ.

ಈಗ ಅವರಿಗೆ ಭಯ ಹುಟ್ಟಿತ್ತು. ಇನ್ನೊಂದು ಸಲ ಲಕ್ವ ಹೊಡೆದರೆ ಆ ಮುಖವೂ ಹೋಗುತ್ತದೆ. ಫೋಟೋಗಳಿವೆ, ಆದರೆ ಅವರು ಕಂಡ ಮುಖ ಅದರಲ್ಲಿಲ್ಲ. ಬರೆಯಬೇಕೆಂದರೆ ಆಕೆಯ ಅಪ್ಪಣೆ ಬೇಕು. ಆ ಅಪ್ಪಣೆ ಕೊಡುವ ಮಾತೇ ಈಗ ಇಲ್ಲ.

ಚಿತ್ರ ಶುರುವಾಯಿತು. ಮಂಚ, ಮೆತ್ತೆ, ಗಂಡನ ಗಡ್ಡ, ಹೆಂಡತಿಯ ಸೆರಗಿನಂಥ ಬಟ್ಟೆಯ ಮಡಿಕೆ, ಎಲ್ಲ ಬಂತು. ಹೆಂಗಸಿನ ಮುಖದ ಜಾಗ ಮಾತ್ರ ಬಿಳಿಯಾಗಿ ಉಳಿಯಿತು. ಊಟವಾದ ಮೇಲೆ ಮೇಷ್ಟ್ರು ದಿನಾಲೂ ಹಾಳೆಯನ್ನು ಬೀ ಮುಂದೆ ಹಿಡಿದು, ಆ ಬಿಳಿ ಜಾಗದ ಮೇಲೆ ಬೆರಳಿಟ್ಟು, "ಕ್ಯಾ ಬೋಲ್ತೆ ಜೀ?", ಏನಂತೀರಿ, ಎಂದು ಕೇಳುವರು. ನಾನಿದ್ದ ಶನಿವಾರಗಳಲ್ಲೂ ಕೇಳಿದರು. ಬೀ ಹಾಳೆ ನೋಡುವರು, ಹಾಳೆಯ ಅಂಚು ಸವರುವರು, ಮುಖವೆಲ್ಲ ಅರಳಿಸಿ ಒಂದು ಉದ್ದನೆಯ ವಾಕ್ಯ ಹೇಳುವರು. ನಡುನಡುವೆ ನಿಂತು, ಸರಿಯಾಗಿ ಕೇಳಿಸಿಕೊಂಡಿರಾ ಎನ್ನುವ ಹಾಗೆ ಗಂಡನನ್ನು ನೋಡುವರು. ಮೇಷ್ಟ್ರು ಪೂರ್ತಿ ಕೇಳಿ, ಆಯ್ತು ಎಂದು ಹಾಳೆ ಎತ್ತಿಡುವರು.

ಅತ್ತ ವರದರಾಜು ಅವಸರ ಮಾಡುತ್ತಿದ್ದ. ಅರ್ಧ ಚಿತ್ರ ನೋಡಿ ಅವನಿಗೆ ಬೇರೆಯದೇ ದಿಗಿಲು. ಗಂಡ ಹೆಂಡತಿ ಒಂದೇ ಮಂಚದಲ್ಲಿ ಮಲಗಿರುವ ಪುಸ್ತಕವನ್ನು ಯಾವ ಹೆಡ್‌ಮಾಸ್ಟರು ಲೈಬ್ರರಿಗೆ ತಗೊಳ್ಳುತ್ತಾರೆ ಎಂದ. ಅವರು ಮಲಗಿಲ್ಲ, ಊಟಕ್ಕೆ ಒರಗಿದ್ದಾರೆ ಎಂದೆ. ಒರಗಿ ಊಟ ಮಾಡಿದರೆ ಅಜೀರ್ಣ ಸಾರ್ ಎಂದ. ತಾನೇ ಪರಿಹಾರವನ್ನೂ ಕೊಟ್ಟ. "ತೂಗುಮಂಚದ ಮೇಲೆ ಕೂರಿಸಿಬಿಡಿ. ಆಮೇಲೆ ಯಾರೂ ಏನೂ ಅನ್ನಲ್ಲ." ಎರಡೂವರೆ ಸಾವಿರ ವರ್ಷದ ಹಿಂದಿನ ಇಟಲಿಯಲ್ಲಿ ಹಿತ್ತಾಳೆ ಸರಪಳಿಯ ತೂಗುಮಂಚ ಆಡುತ್ತಿರುವುದನ್ನು ನೆನೆದು ನನ್ನ ರಕ್ತದೊತ್ತಡ ಏರಿತು. ಆದರೆ ಅವನೆದುರು, ಮೇಷ್ಟ್ರನ್ನು ಕೇಳಿ ಹೇಳುತ್ತೇನೆ ಎಂದಷ್ಟೇ ಹೇಳಿ ಬಂದೆ. ನನ್ನ ಶೌರ್ಯ ಸಾಮಾನ್ಯವಾಗಿ ಮೆಟ್ಟಿಲು ಇಳಿದಮೇಲೆ ಹುಟ್ಟುವಂಥದ್ದು.

ಆ ಶನಿವಾರ ಜೋರು ಮಳೆ. ಮಧ್ಯಾಹ್ನವೇ ಲೈಟು ಹಾಕಬೇಕಾಯಿತು. ಕೆಳಗೆ ಹಾಸಿಗೆ ಅಂಗಡಿಯವರು ಹತ್ತಿ ನೆನೆಯದಂತೆ ಮೂಟೆಗಳನ್ನು ಮೆಟ್ಟಿಲ ಮೇಲೆಲ್ಲ ಪೇರಿಸಿದ್ದರು. ನಾನು ಹತ್ತಿಬಂದಾಗ ಮೇಷ್ಟ್ರು ಬೀಗೆ ಹಾಳೆ ತೋರಿಸುತ್ತಿದ್ದರು. ಬೀ ನಗುತ್ತಿದ್ದರು. ಎಂದಿಗಿಂತ ಹೆಚ್ಚಾಗಿ ನಕ್ಕು, ಎಂದಿಗಿಂತ ಉದ್ದವಾಗಿ ಏನನ್ನೋ ಹೇಳಿದರು. ನನಗೆ ತಡೆಯಲಿಲ್ಲ. ಪುಸ್ತಕ ತಡವಾಗುತ್ತಿದೆ ಎಂಬ ಚಿಂತೆ ಒಂದು ಕಡೆ, ಈ ಮನುಷ್ಯ ಕಾದು ಕಾದು ಕಡೆಗೆ ಏನೂ ಇಲ್ಲದೆ ಉಳಿದಾರು ಎಂಬ ಚಿಂತೆ ಇನ್ನೊಂದು ಕಡೆ.

"ಮೇಷ್ಟ್ರೇ, ಇಷ್ಟು ಖುಷಿಯಾಗಿ ಹೇಳ್ತಿದಾರೆ. ಹೂಂ ಅಂತಾನೇ ಇಟ್ಕೊಳ್ಳಿ, ಬರೆದ್ಬಿಡಿ."

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. ಸಿಟ್ಟಾಗಲಿಲ್ಲ.

"ಅವರು ಬೇಡ ಅಂದಿದ್ದು ನನಗೆ ಅರ್ಥ ಆಗಿತ್ತು, ಶ್ರೀಧರ್ ಸಾಬ್. ಈಗ ಹೇಳ್ತಿರೋದು ಅರ್ಥ ಆಗ್ತಿಲ್ಲ. ಅರ್ಥ ಆಗ್ದೇ ಇರೋ ಮಾತು ತಗೊಂಡು ಅರ್ಥ ಆಗಿರೋ ಮಾತನ್ನ ಅಳಿಸ್ಬಾರದು."

ನಾನು ತಂದಿದ್ದ ಹಾಳೆಗಳನ್ನು ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತತೊಡಗಿದೆ. ಮಳೆ ಸುರಿಯುತ್ತಲೇ ಇತ್ತು. ಬೀ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ, ಈ ಸಲ ಚಿಕ್ಕದಾಗಿ ಏನೋ ಕೇಳಿದರು. ಮೇಷ್ಟ್ರು ಎದ್ದುಹೋಗಿ ಅವರ ಪಕ್ಕ ಕೂತು, ಏನಿಲ್ಲ, ಸಾಬ್‌ಗೆ ಬಸ್ಸಿನ ಚಿಂತೆ ಎಂದು ದಖನಿಯಲ್ಲಿ ಹೇಳಿದರು. ಅದಂತೂ ಸುಳ್ಳಲ್ಲ, ಬಸ್ಸಿನ ಚಿಂತೆಯೂ ಇತ್ತು.

ಮುಂದಿನ ಶನಿವಾರ ಕಚೇರಿ ಆಡಿಟ್ಟಿನಿಂದ ಹೋಗಲಾಗಲಿಲ್ಲ. ಅದರ ಮುಂದಿನ ವಾರ ಹೋದಾಗ ಚಿತ್ರ ಮುಗಿದಿತ್ತು. ಹಳೆಯ ಹಾಳೆ ಅಲ್ಲ, ಹೊಸ ಹಾಳೆ. ಮಂಚ ಅದೇ, ಮೆತ್ತೆ ಅದೇ, ಗಂಡ ಹೆಂಡತಿ ಅದೇ ಥರ ಒರಗಿದ್ದಾರೆ. ಆದರೆ ಹೆಂಗಸು ನಮಗೆ ಬೆನ್ನು ಹಾಕಿ, ಹಿಂದಿರುವ ಗಂಡನ ಕಡೆ ತಿರುಗಿಬಿಟ್ಟಿದ್ದಾಳೆ. ಅವಳು ಏನೋ ಹೇಳುತ್ತಿದ್ದಾಳೆ, ಅದು ಅವಳ ಎತ್ತಿದ ಎಡಗೈಯಲ್ಲಿ ಗೊತ್ತಾಗುತ್ತದೆ. ಗಂಡ ಕೇಳಿಸಿಕೊಳ್ಳುತ್ತಿದ್ದಾನೆ. ಅವನ ಮುಖ ಪೂರ್ತಿ ಕಾಣುತ್ತದೆ, ಅದು ಗಡ್ಡ ಬಿಟ್ಟ ಇನಾಯತ್ ಮೇಷ್ಟ್ರದೇ ಮುಖ. ಅವಳ ಬೆನ್ನ ತುಂಬ ಜಡೆ. ಬುಡದ ಹತ್ತಿರ ತಪ್ಪಿಸಿಕೊಂಡ ಸಣ್ಣ ಕೂದಲು, ನಡುವೆ ಒಂದು ಎಳೆ ಸಡಿಲ, ತುದಿಯಲ್ಲಿ ಬಿಗಿ. ಎಷ್ಟು ಜನ ಚಿತ್ರಕಾರರು ಬಂದರೂ ಆ ಜಡೆಯನ್ನು ಹಾಗೆ ಬರೆಯಲಾರರು. ಅದನ್ನು ದಿನಾ ಹೆಣೆದವನೇ ಬರೆಯಬೇಕು.

ಮೂಲದಲ್ಲಿ ಅವಳು ಹೀಗೆ ತಿರುಗಿಲ್ಲವಲ್ಲ ಎಂದು ಬಾಯಿಗೆ ಬಂತು. ನುಂಗಿಕೊಂಡೆ. ಮೇಷ್ಟ್ರು ತಾವಾಗಿಯೇ ಹೇಳಿದರು, ತಮ್ಮ ಮುಖಕ್ಕೆ ತಮ್ಮದೇ ಅಪ್ಪಣೆ ಸಾಕು ಎಂದು, ಕಡೆಯ ದಿನ ಅದರ ವಿಚಾರಣೆಯನ್ನು ತಾವು ನೋಡಿಕೊಳ್ಳುವುದಾಗಿ.

ಹಲಸೂರಿಗೆ ಚಿತ್ರ ಒಯ್ಯುವಾಗ ವಾದ ಮಾಡಲು ಬೇಕಾದ ಮಾತನ್ನೆಲ್ಲ ದಾರಿಯಲ್ಲಿ ಕಟ್ಟಿಕೊಂಡಿದ್ದೆ. ಒಂದೂ ಖರ್ಚಾಗಲಿಲ್ಲ. ವರದರಾಜು ನೋಡಿದ, ಕಣ್ಣಿನಿಂದ ದೂರ ಹಿಡಿದು ನೋಡಿದ, ಹೆಂಗಸಿನ ಮುಖ ಕಾಣುವುದಿಲ್ಲವಾದ್ದರಿಂದ ಮರ್ಯಾದೆಯಾಗಿದೆ ಎಂದು ಒಪ್ಪಿದ. ಆಮೇಲೆ, "ಏನೋ ಜಗಳ ಆಡ್ತಿದಾಳೆ ಅಲ್ವಾ ಸಾರ್? ನಮ್ಮನೇಲಿ ಇದೇ ಥರ" ಎಂದ. ಚಿತ್ರದ ಕೆಳಗೆ ನಾನು, ಇದು ಒಂದು ಎಟ್ರುಸ್ಕನ್ ಪ್ರತಿಮೆಯನ್ನು ನೋಡಿ ಬರೆದ ಚಿತ್ರ, ಪ್ರತಿಮೆಯಲ್ಲಿ ಇಬ್ಬರೂ ನಮ್ಮ ಕಡೆ ನೋಡುತ್ತಾರೆ ಎಂದು ಸೇರಿಸಿದೆ. ಅವರ ಭಾಷೆಯ ಅಧ್ಯಾಯದಲ್ಲಿ ಪಂಡಿತರ ಊಹೆಗಳ ಬೆನ್ನುಹತ್ತಿ ನಾನು ಬರೆದಿದ್ದ ಒಂದು ಪುಟವನ್ನು ತೆಗೆದು, "ಇದರ ಅರ್ಥ ನಮಗೆ ಇನ್ನೂ ಗೊತ್ತಿಲ್ಲ" ಎಂಬ ಒಂದೇ ಸಾಲು ಇಟ್ಟೆ. ನನ್ನ ಜೀವಮಾನದಲ್ಲಿ ಆತಂಕವಿಲ್ಲದೆ ಬರೆದ ಸಾಲು ಅದೊಂದೇ ಇರಬೇಕು.

ಪುಸ್ತಕ ದೀಪಾವಳಿ ಕಳೆದು ಬಂತು. ಮಳೆ ಹಿಂದೆಗೆದಿತ್ತು. ರಸ್ತೆಯ ಗುಂಡಿಗಳು ಒಣಗಿ, ಹತ್ತಿ ಮತ್ತೆ ಮೆಟ್ಟಿಲ ಮೇಲೆ ಹಾರುತ್ತಿತ್ತು. ಮೊದಲ ಪ್ರತಿ ತೆಗೆದುಕೊಂಡು ಹೋದೆ. ಮೇಷ್ಟ್ರು ನಡುವಿನ ಪುಟ ತೆರೆದು ಬೀ ಅವರ ಮಡಿಲಲ್ಲಿಟ್ಟು, ಪಕ್ಕದಲ್ಲಿ ಪರೀಕ್ಷೆಗೆ ಕೂತವರ ಹಾಗೆ ಕೂತರು.

ಬೀ ನೋಡಿದರು. ಮೊದಲು ಆ ಬೆನ್ನನ್ನು, ಜಡೆಯನ್ನು. ಎಡಗೈಯನ್ನು ಹಿಂದಕ್ಕೆ ಒಯ್ದು ತಮ್ಮ ಜಡೆ ಮುಟ್ಟಿನೋಡಿಕೊಂಡರು. ಆಮೇಲೆ ಗಂಡಸಿನ ಮುಖದ ಮೇಲೆ ಬೆರಳಿಟ್ಟರು. ಬೆರಳು ಅವನ ಮೂಗಿನ ಹತ್ತಿರ ನಿಂತಿತು. ಪಕ್ಕಕ್ಕೆ ತಿರುಗಿ ಅದೇ ಬೆರಳನ್ನು ಮೇಷ್ಟ್ರ ನಿಜವಾದ ಮೂಗಿನ ಮೇಲಿಟ್ಟರು. ಮೇಷ್ಟ್ರದು ದಪ್ಪನೆಯ, ಸ್ವಲ್ಪ ಎಡಕ್ಕೆ ವಾಲಿದ ಮೂಗು. ಚಿತ್ರದಲ್ಲಿ ಅದು ರಾಜಕುಮಾರರ ಮೂಗಿನ ಹಾಗೆ ನೆಟ್ಟಗಿತ್ತು. ಬೀ ತಮ್ಮ ಭಾಷೆಯಲ್ಲಿ ಏನೋ ಹೇಳಿ ನಗತೊಡಗಿದರು. ಹೊಟ್ಟೆ ಹಿಡಿದುಕೊಳ್ಳುವಂಥ ನಗು.

"ಇದಕ್ಕೆ ಮಾತ್ರ ಊಹೆ ಬೇಕಾಗಿಲ್ಲ," ಎಂದರು ಮೇಷ್ಟ್ರು, ಕೆಂಪಗಾಗಿ.

ಅಷ್ಟರಲ್ಲಿ ಮಸೀದಿಯಿಂದ ಸಂಜೆಗೆ ಮುಂಚಿನ ನಮಾಜಿನ ಅಜಾನ್ ಕೇಳಿಬಂತು. ಬೀ ನಗು ನಿಲ್ಲಿಸಿದರು. ಎಡಗೈಯಲ್ಲೇ ಸೆರಗು ತಲೆಯ ಮೇಲೆ ಎಳೆದುಕೊಂಡರು. ಪುಸ್ತಕದ ಒಂದು ಅಂಚನ್ನು ಬೆರಳಿನಲ್ಲಿ ಎತ್ತಿ, ಜಾರಿಹೋದದ್ದನ್ನು ಮತ್ತೆ ಹಿಡಿದು, ಅದನ್ನು ಮಗುಚಿ ಮಂಚದ ಮೇಲೆ ಬೋರಲಾಗಿ ಮಲಗಿಸಿದರು. ಮೇಷ್ಟ್ರ ನೆಟ್ಟ ಮೂಗು, ನಗುವ ಮುಖ ಎರಡೂ ಚಾದರದೊಳಗೆ ಅಡಗಿದವು. ಅದರ ಮೇಲೆ ಕೈ ಒತ್ತಿ ಹಿಡಿದು ಬೀ ಗಂಡನನ್ನು ನೋಡಿದರು.

ಮೇಷ್ಟ್ರು ಕೂತಲ್ಲೇ ಆ ಕೈಯನ್ನು ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು, ಆದರೆ ಅದು ದುಃಖದ್ದಲ್ಲ ಎಂಬುದು ನನ್ನಂಥ ಸಂಶಯದ ಪ್ರಾಣಿಗೂ ತಿಳಿಯಿತು.

"ನೋಡಿದ್ರಾ ಸಾಬ್," ಎಂದರು ಮೆಲ್ಲಗೆ. "ಇಷ್ಟು ದಿನವೂ ಬೇಡ ಅಂತಾನೇ ಹೇಳ್ತಿದ್ರು."

ಹೇಳಿ, ಕೈಕಾಲು ತೊಳೆದು ನಮಾಜಿಗೆ ಅಣಿಯಾಗಲು ಎದ್ದುಹೋದರು.